ಇ-ಇನ್‌ವಾಯ್ಸ್ ಸಂದೇಶದ ಹಾದಿ: ಹಂತಗಳನ್ನು ಅಳವಡಿಸುವ ಕ್ರಮ

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರು ಇತರ ನೋಂದಾಯಿತ ವರ್ತಕರಿಗೆ ನೀಡುವ ಬಿಲ್ಲುಗಳಿಗೆ ಇ-ಇನ್‌ವಾಯ್ಸ್ ಪಡೆಯುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. 2020ರ ಅಕ್ಟೋಬರ್‌ನಲ್ಲಿ ಆರಂಭವಾದಾಗ ಈ ಮಿತಿ 500 ಕೋಟಿ ರೂಪಾಯಿಯಷ್ಟಿತ್ತು. ಕೆಲವು ವರ್ಗಗಳಿಗೆ ವಿನಾಯಿತಿಯುಂಟು. ಉಳಿದಂತೆ, ಬೆಮೆಲ್‌ನಂತಹ ದೊಡ್ಡ ಸಂಸ್ಥೆಗೆ ಬಿಡಿಭಾಗ ಒದಗಿಸುವ ಕೆಜಿಎಫ್ ಘಟಕವಾಗಲಿ, ಬಂಗಾರಪೇಟೆಯ ಸಗಟು ಮಳಿಗೆಯಾಗಲಿ, ಈ ಮಿತಿ ದಾಟಿದ್ದರೆ ನಿಯಮ ಒಂದೇ. ಐಆರ್‌ಎನ್ ಎಂಬ 64 ಅಕ್ಷರಗಳ ಗುರುತುಸಂಖ್ಯೆ ಇಲ್ಲದ ಬಿಲ್ಲನ್ನು ಕಾನೂನು ಬಿಲ್ಲೆಂದೇ ಪರಿಗಣಿಸುವುದಿಲ್ಲ. ಖರೀದಿದಾರರ ತೆರಿಗೆ ಜಮೆಗೆ ತೊಡಕಾದರೆ ನಮಗೆ ಬರಬೇಕಾದ ಹಣವೂ ತಡವಾಗುತ್ತದೆ.

ಲೆಕ್ಕದ ತಂತ್ರಾಂಶದಿಂದ ಸರ್ಕಾರದ ನೋಂದಣಿ ಪೋರ್ಟಲ್‌ಗೆ ಬಿಲ್ಲು ಸಾಗುವ ಹಾದಿಗೆ ಸಂದೇಶ ಪೈಪ್‌ಲೈನ್ ಎನ್ನುತ್ತಾರೆ. ಇದರಲ್ಲಿ ಐದು ಹಂತಗಳಿರುವುದು ಸೂಕ್ತ: ಸಂಗ್ರಹ, ಪರಿಶೀಲನೆ, ಜೇಸನ್ ರೂಪಕ್ಕೆ ಪರಿವರ್ತನೆ, ರವಾನೆ, ಉತ್ತರದ ದಾಖಲೆ. ಚಿನ್ನದ ಗಣಿಯಲ್ಲಿ ಅದಿರನ್ನು ಪುಡಿ ಮಾಡದೆ ಸೈನೈಡ್ ತೊಟ್ಟಿಗೆ ಹಾಕುತ್ತಿರಲಿಲ್ಲ. ಇಲ್ಲಿಯೂ ಕ್ರಮ ತಪ್ಪಬಾರದು.

ಪರಿಶೀಲನೆ ರವಾನೆಗೆ ಮೊದಲೇ ನಡೆಯಬೇಕು. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿವೆಯೇ? ಬಿಲ್ಲಿನ ಸಂಖ್ಯೆ 16 ಅಕ್ಷರ ಮೀರಿಲ್ಲವಷ್ಟೆ? ಎಚ್‌ಎಸ್‌ಎನ್ ಸಂಕೇತ ಕನಿಷ್ಠ 6 ಅಂಕಿಗಳದ್ದೇ? ನಮ್ಮದು ಗಡಿ ಪ್ರದೇಶವಾದ್ದರಿಂದ ರಾಜ್ಯ ಸಂಕೇತಕ್ಕೆ ವಿಶೇಷ ಗಮನ ಬೇಕು. ಕರ್ನಾಟಕದ ಸಂಕೇತ 29, ತಮಿಳುನಾಡಿನದು 33, ಆಂಧ್ರಪ್ರದೇಶದ್ದು 37. ಕೋಲಾರದ ಗ್ರಾಹಕರಿಗೆ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ ಹಾಕಿದರೆ, ಕುಪ್ಪಂ ಅಥವಾ ಕೃಷ್ಣಗಿರಿಯ ಗ್ರಾಹಕರಿಗೆ ಐಜಿಎಸ್‌ಟಿ ಹಾಕಬೇಕು.

ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಉತ್ತರ ಬಾರದಿದ್ದಾಗ. ಸಂಪರ್ಕ ಕಡಿದ ಮಾತ್ರಕ್ಕೆ ಬಿಲ್ಲು ತಲುಪಿಲ್ಲವೆಂದು ಭಾವಿಸಬಾರದು. ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ಬಿಲ್ಲಿನ ಸಂಖ್ಯೆ ಈ ನಾಲ್ಕರಿಂದಲೇ ಐಆರ್‌ಎನ್ ಸಿದ್ಧವಾಗುತ್ತದೆ. ಆದ್ದರಿಂದ ಅದೇ ಬಿಲ್ಲನ್ನು ಮತ್ತೆ ಕಳುಹಿಸಿದರೆ ಪೋರ್ಟಲ್ ಅದನ್ನು ಪುನರಾವರ್ತನೆಯೆಂದು ತಿರಸ್ಕರಿಸುತ್ತದೆ, ಹಾನಿಯಿಲ್ಲ. ಸಂಖ್ಯೆ ಬದಲಿಸಿ ಕಳುಹಿಸಿದರೆ ಮಾತ್ರ ಒಂದೇ ಮಾರಾಟ ಎರಡು ಬಾರಿ ದಾಖಲಾಗಿ, ಜಿಎಸ್‌ಟಿಆರ್-1 ನಮೂನೆಗೂ ಹಾಗೆಯೇ ಹರಿಯುತ್ತದೆ. ಪೋರ್ಟಲ್‌ನಲ್ಲಿ ರದ್ದತಿಗೆ ಇರುವ ಅವಧಿ 24 ಗಂಟೆ ಮಾತ್ರ. ಅನಂತರ ಕ್ರೆಡಿಟ್ ನೋಟಿನ ದಾರಿಯೇ ಗತಿ.

ಆದಕಾರಣ ಉತ್ತರ ಬಾರದ ಮತ್ತು ತಿರಸ್ಕೃತವಾದ ಸಂದೇಶಗಳನ್ನು ಕಾರಣಸಹಿತ ಪ್ರತ್ಯೇಕ ಪಟ್ಟಿಯಲ್ಲಿ ತಡೆಹಿಡಿಯುವಂತೆ ತಂತ್ರಾಂಶವನ್ನು ಅಳವಡಿಸಿರಿ. ಬಿಲ್ಲಿನ ಸಂಖ್ಯೆಯಿಂದ ಪೋರ್ಟಲ್‌ನಲ್ಲಿ ವಿಚಾರಿಸಿದ ಬಳಿಕವೇ ಮರುರವಾನೆ ನಡೆಯಲಿ. ವಹಿವಾಟು 10 ಕೋಟಿ ರೂಪಾಯಿ ಅಥವಾ ಹೆಚ್ಚಿರುವವರು 2025ರ ಏಪ್ರಿಲ್ 1ರಿಂದ ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ನೋಂದಾಯಿಸಲೇಬೇಕು. ಪ್ರತಿದಿನ ಅಂಗಡಿ ಮುಚ್ಚುವ ಮುನ್ನ ಹಣದ ಪೆಟ್ಟಿಗೆಯನ್ನು ಎಣಿಸುವಂತೆ ಈ ಪಟ್ಟಿಯನ್ನೂ ನೋಡುವುದು ಕ್ಷೇಮ.