ನೋವಿಲ್ಲ ಅಂತ ಬಿಪಿ ಮಾತ್ರೆ ಬಿಡಬೇಡಿ

ರೈತ ಮಿತ್ರರೇ, ಈ ವಾರ ಬೆಳೆಯ ವಿಷಯವಲ್ಲ, ಬೆಳೆ ತೆಗೆಯೋರ ವಿಷಯ.

ನಮ್ಮ ತೋಟ ಸೊರಬ ತಾಲೂಕಲ್ಲಿದೆ, ದೊಡ್ಡಪ್ಪನ ಮನೆ ಶಿಕಾರಿಪುರ ಕಡೆ. ಅವರಿಗೆ ಬಿಪಿ 160/100 ಇತ್ತು. ಮಾತ್ರೆ ತಗೊಂಡ ಮೇಲೆ ಹತೋಟಿಗೆ ಬಂತು. "ಈಗ ಆರಾಮಿದೀನಲ್ಲೋ, ಮತ್ಯಾಕೆ ಮಾತ್ರೆ?" ಅಂತ ಬಿಟ್ಟರು. ಅಡಿಕೆ ಕೊನೆ ಕೊಯ್ಲಿನ ಸಮಯ. "ಕೊಯ್ಲು ಮುಗೀಲಿ ದೊಡ್ಡಪ್ಪ, ಆಮೇಲೆ ಆಸ್ಪತ್ರೆಗೆ ಹೋಗೋಣ" ಅಂತ ನಾನೂ ಅಂದೆ. ಅದು ಮುಗಿಯೋ ಮೊದಲೇ, ಅಡಿಕೆ ಬೇಯಿಸೋ ಒಲೆ ಮುಂದೆ ಲಕ್ವ ಹೊಡೀತು. ಇವತ್ತಿಗೂ ಬಲಗೈಯಲ್ಲಿ ಕತ್ತಿ ಹಿಡಿಯೋಕಾಗಲ್ಲ.

ಒಳಗೆ ಏನಾಗುತ್ತೆ?

ಬೇರುಹುಳು ಬಿದ್ದ ಅಡಿಕೆ ಮರ ನೆನಪು ಮಾಡಿಕೊಳ್ಳಿ. ಸೋಗೆ ಹಳದಿಯಾಗೋ ಹೊತ್ತಿಗೆ ಬೇರು ಎಷ್ಟೋ ಹೋಗಿರುತ್ತೆ. ಬಿಪಿಯೂ ಹಾಗೇ. ಹೆಚ್ಚಿನವರಿಗೆ ತಲೆನೋವು, ತಲೆಸುತ್ತು ಏನೂ ಇರಲ್ಲ. ಒತ್ತಡಕ್ಕೆ ರಕ್ತನಾಳ ಗಡುಸಾಗಿ ಮೆದುಳಿಗೆ ಲಕ್ವ, ಹೃದಯಾಘಾತ, ಕಿಡ್ನಿ ವೈಫಲ್ಯ, ದೃಷ್ಟಿ ದೋಷ ಬರಬಹುದು. ಮಾತ್ರೆಯಿಂದ ಬಿಪಿ ಇಳಿದಿದ್ದರೆ ರೋಗ ಹೋಯ್ತು ಅಂತಲ್ಲ, ಮಾತ್ರೆ ಕೆಲಸ ಮಾಡ್ತಿದೆ ಅಂತ.

ನೀವು ಮಾಡಬೇಕಾದ್ದು

* 30 ದಾಟಿದವರೆಲ್ಲ ಬಿಪಿ ನೋಡಿಸಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ, ಮಾತ್ರೆ ಉಚಿತ. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ನೋಡ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ.
* ನೋಡಿಸೋ ಮುಂಚೆ ಐದು ನಿಮಿಷ ಸುಮ್ಮನೆ ಕೂರಿ. ಅದಕ್ಕೂ ಅರ್ಧ ಗಂಟೆ ಮೊದಲಿಂದ ಕಾಫಿ, ತಂಬಾಕು ಬೇಡ. ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಿ.
* ಕ್ಯಾಮೆರಾ ಮೇಲೆ ಬೆರಳಿಟ್ಟು ಬಿಪಿ ಹೇಳೋ ಆ್ಯಪ್ ನಂಬಬೇಡಿ. ತೋಳಿಗೆ ಪಟ್ಟಿ ಕಟ್ಟೋ ಯಂತ್ರವೇ ಬೇಕು.
* ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ ಒಳಗಿರಲಿ, ಅಂದ್ರೆ ಒಂದು ಟೀ ಚಮಚ. ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನ ಉಪ್ಪೂ ಇದರಲ್ಲೇ ಸೇರಿತು.
* ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ.

ಲಕ್ವದ ಲಕ್ಷಣ ಕಂಡರೆ

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆಗಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಹೋಗೋಕೇ ಒಂದು ಗಂಟೆ ಮೇಲಾಗುತ್ತೆ, ಸೊರಬದಿಂದ ಇನ್ನೂ ದೂರ. ನಾಟಿ ಔಷಧಿ ಹುಡುಕುತ್ತಾ ಕೂತರೆ ಆ ಸಮಯ ಕಳೆದೇ ಹೋಗುತ್ತೆ.

ಈಗ ದೊಡ್ಡಪ್ಪನ ಮಾತ್ರೆಗೆ ನನ್ನ ಫೋನಲ್ಲಿ ಬೆಳಿಗ್ಗೆ 8ಕ್ಕೆ ಅಲಾರಂ ಇದೆ. ಹೊಡೆದ ಕೂಡಲೇ ಫೋನ್ ಮಾಡಿ ಕೇಳ್ತೀನಿ. ನಿಮ್ಮ ಮನೇಲಿ ಮಾತ್ರೆ ತಗೊಳ್ಳೋರು ಇದ್ದರೆ ನೀವೂ ಇವತ್ತೇ ಅಲಾರಂ ಇಡಿ. ಕೊಯ್ಲು ಮುಗೀಲಿ ಅನ್ನಬೇಡಿ.