ದಾಳಿಂಬೆಯ ಸಿಪ್ಪೆಯೂ ಒತ್ತಡದ ಬಿಸಿನೀರೂ

ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಒಕ್ಕಲಿಗರಿಗೆ ದಾಳಿಂಬೆಯ ಲಾಭವೂ ಗೊತ್ತು, ನಷ್ಟವೂ ಗೊತ್ತು. ನೀರು ಕೊಡುವುದರಲ್ಲಿ ಏರುಪೇರಾದರೆ ಹಣ್ಣು ಗಿಡದ ಮೇಲೆಯೇ ಸೀಳುತ್ತದೆ. ಸೀಳಿದ ಹಣ್ಣಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಕಾಳು ಬಿಡಿಸಿ ರಸ ತೆಗೆಯುವಲ್ಲಿಯೂ ಸಿಪ್ಪೆ ತಿಪ್ಪೆಗೆ ಹೋಗುತ್ತದೆ. ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಈ ಸಿಪ್ಪೆಯೇ. ಇದರಲ್ಲಿರುವ ಸತ್ವವನ್ನು ಬರಿಯ ನೀರಿನಿಂದ ತೆಗೆಯುವ ಬಗೆಯನ್ನು ಈ ವಾರ ವಿಚಾರ ಮಾಡೋಣ.

ಸಿಪ್ಪೆಯ ಒಗರಿಗೆ ಕಾರಣ ಟ್ಯಾನಿನ್ ಎಂಬ ಸತ್ವ. ಬಣ್ಣಗಾರರೂ ಚರ್ಮ ಹದ ಮಾಡುವವರೂ ಇದನ್ನು ಹಿಂದಿನಿಂದ ಬಲ್ಲರು. ದಾಳಿಂಬೆಯಲ್ಲಿ ಮುಖ್ಯವಾದ ಟ್ಯಾನಿನ್ನಿಗೆ ಪ್ಯೂನಿಕಲಾಜಿನ್ ಎಂದು ಹೆಸರು. ಎಣ್ಣೆ ಕಮಟದಂತೆ ತಡೆಯುವ ಗುಣವೂ ಇದಕ್ಕುಂಟು.

ಪರೀಕ್ಷಿಸಿ ನೋಡಬೇಕೆಂದರೆ, ಒಂದು ಹಿಡಿ ಒಣ ಸಿಪ್ಪೆಯನ್ನು ಜಜ್ಜಿ ಸ್ಟೀಲ್ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ ಸೋಸಿರಿ. ಅದಕ್ಕೆ ಅನ್ನಭೇದಿಯ ನೀರನ್ನು ನಾಲ್ಕು ಹನಿ ಹಾಕಿರಿ. ಕಷಾಯವು ಶಾಯಿಯಂತೆ ಕಪ್ಪಾಗುವುದು. ಅದೇ ಸಿಪ್ಪೆಯನ್ನು ಎರಡನೆಯ ಸಲ ಹೊಸ ನೀರಿನಲ್ಲಿ ಕುದಿಸಿ ನೋಡಿದರೆ ಮತ್ತೆ ಕಪ್ಪಾಗುವುದು. ಅಂದರೆ ಮೊದಲ ಕುದಿಯಲ್ಲಿ ಸತ್ವವೆಲ್ಲ ಹೊರಬಂದಿರಲಿಲ್ಲ. ಈ ನೀರನ್ನು ಕುಡಿಯಬಾರದು.

ಹೀಗೆ ಉಳಿದದ್ದನ್ನು ತೆಗೆಯಲು ಕಾರಖಾನೆಗಳು ಮೆಥನಾಲ್ ಮೊದಲಾದ ದ್ರವಗಳನ್ನು ಬಳಸುವುದುಂಟು. ಮೆಥನಾಲ್ ವಿಷ, ಬೆಂಕಿಗೂ ಬೇಗ ಸಿಗುವಂಥದು. ನೀರಿಗೆ ಆ ದೋಷವಿಲ್ಲ. ಆದರೆ ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯನ್ನು ದಾಟುವುದಿಲ್ಲ. ಮುಚ್ಚಿ ಒತ್ತಡ ಕೊಟ್ಟರೆ ದಾಟುತ್ತದೆ. ಅಡಿಗೆಮನೆಯ ಕುಕ್ಕರಿನಲ್ಲಿ ಸುಮಾರು 120 ಡಿಗ್ರಿ ಆಗುವುದು ಹೀಗೆಯೇ. 150 ಡಿಗ್ರಿಯಲ್ಲಿ ನೀರನ್ನು ದ್ರವವಾಗಿ ಹಿಡಿದಿಡಲು ವಾಯುಮಂಡಲದ ಒತ್ತಡದ ಸುಮಾರು 5 ಪಟ್ಟು ಬೇಕು. 200ರಲ್ಲಿ 15 ಪಟ್ಟಿಗೂ ಹೆಚ್ಚು. 250ರಲ್ಲಿ ಸುಮಾರು 40 ಪಟ್ಟು.

ಇಷ್ಟು ಕಾದಾಗ ನೀರಿನ ಸ್ವಭಾವವೇ ಬದಲಾಗುತ್ತದೆ. ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಶಾಖ ಏರಿದಂತೆ ಆ ಹಿಡಿತ ಸಡಿಲಾಗಿ, ತಣ್ಣೀರಿಗೆ ಒಗ್ಗದ ಪದಾರ್ಥಗಳು ಸಹ ಕರಗತೊಡಗುತ್ತವೆ. ನೀರು ತೆಳುವಾಗಿ ಸಿಪ್ಪೆಯ ಒಳಗೂ ಬೇಗ ನುಗ್ಗುತ್ತದೆ. 250 ಡಿಗ್ರಿಯ ಸುಮಾರಿಗೆ ಅದರ ಕರಗಿಸುವ ಗುಣ ಸ್ಪಿರಿಟ್ಟಿನ ಸಮೀಪಕ್ಕೆ ಬರುತ್ತದೆ.

ಹಾಗೆಂದು ಶಾಖ ಹೆಚ್ಚಿದಷ್ಟೂ ಒಳ್ಳೆಯದೆನ್ನಲಾಗದು. ಬೆಲ್ಲಕ್ಕೆ ಇರುವಂತೆ ಇದಕ್ಕೂ ಒಂದು ಹದವುಂಟು. ಅತಿ ಶಾಖದಲ್ಲಿ ಪ್ಯೂನಿಕಲಾಜಿನ್ ಒಡೆಯುತ್ತದೆ, ಸಿಪ್ಪೆಯ ಸಕ್ಕರೆ ಸೀಯುತ್ತದೆ. ಆದ್ದರಿಂದ ದಾಳಿಂಬೆಗೆ ಮಿತವಾದ ಶಾಖ, ಅಲ್ಪ ಸಮಯ ಸಾಕು. ಮೆಕ್ಕೆಜೋಳದ ದಿಂಡಿನ ನಾರನ್ನು ಸಡಿಲಿಸಿ ಅದರೊಳಗಿನ ಸಕ್ಕರೆಯ ಸರಗಳನ್ನು ತೆಗೆಯಲು ಮಾತ್ರ 160ರಿಂದ 200 ಡಿಗ್ರಿಯಷ್ಟು ಬೇಕಾಗುವುದು.

ಈಗ ರೈತರು ಮುಖ್ಯವಾಗಿ ಗಮನಿಸತಕ್ಕ ಮಾತು. ಹಳೆಯ ಡ್ರಮ್ಮಿಗೆ ಮುಚ್ಚಳ ಬಿಗಿದು ಇದನ್ನು ಯಾರೂ ಮನೆಯಲ್ಲಿ ಮಾಡಲು ಹೋಗಬಾರದು. ಡ್ರಮ್ಮು ಒಡೆದರೆ ಒಳಗಿನ ನೀರು ಕ್ಷಣದಲ್ಲಿ ಉಗಿಯಾಗಿ ಹತ್ತಿರವಿದ್ದವರ ಜೀವ ತೆಗೆದೀತು. ಇದು ಪರೀಕ್ಷೆಯಾದ ಪಾತ್ರೆ, ಒತ್ತಡಮಾಪಕ, ಸುರಕ್ಷಾ ಕವಾಟಗಳಿರುವ ಕಾರಖಾನೆಯ ಕೆಲಸ. ನಮ್ಮ ಕೆಲಸ ಒಳ್ಳೆಯ ಸಿಪ್ಪೆಯನ್ನು ಒದಗಿಸುವುದು. ಹಣ್ಣು ಸೀಳಿದ ದಿನವೇ ಸಿಪ್ಪೆ ಬಿಡಿಸಿ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಬೂಷ್ಟು ಹಿಡಿದುದನ್ನೂ ತೇಲ್ಯಾ ರೋಗದ ಹಣ್ಣನ್ನೂ ಬೆರೆಸಕೂಡದು. ಸಿಂಪಡಿಸಿದ ಔಷಧದ ಶೇಷ ಸತ್ವದ ಜೊತೆಗೆ ಬರಬಹುದಾದ್ದರಿಂದ, ಔಷಧ ಹೊಡೆದ ಮೇಲೆ ಬಿಡಬೇಕಾದ ದಿನಗಳನ್ನು ಬಿಟ್ಟ ಹಣ್ಣೇ ಆಗಬೇಕು.

ಲೆಕ್ಕವನ್ನೂ ಮೊದಲೇ ಹಾಕಬೇಕು. ನೀರು ಅಗ್ಗವಾದರೂ ಅದನ್ನು ಕಾಯಿಸುವ ಉರುವಲಿಗೂ, ಸತ್ವವನ್ನು ಒಣಗಿಸಿ ಪುಡಿಮಾಡುವುದಕ್ಕೂ ಖರ್ಚುಂಟು. ಒಬ್ಬರ ಎರಡು ಎಕರೆಯ ಸಿಪ್ಪೆಯಿಂದ ಇದು ಸಾಗದು. ನಾಲ್ಕಾರು ಊರಿನವರು ಸಹಕಾರಿ ಸಂಘ ಮಾಡಿಕೊಂಡು, ಕೊಳ್ಳುವವರಿಂದ ದರವನ್ನು ಲಿಖಿತವಾಗಿ ಪಡೆದ ಮೇಲೆಯೇ ಸಿಪ್ಪೆ ಕೂಡಿಹಾಕುವುದು ಜಾಣತನ. 2005ರಲ್ಲಿ ಸೋಲಾಪುರದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವು ನಮಗೆ ಹತ್ತಿರದಲ್ಲಿಯೇ ಇದೆ. ಸಂಘದ ಪರವಾಗಿ ಇಬ್ಬರು ಅಲ್ಲಿಗೆ ಹೋಗಿ ವಿಚಾರಿಸಿ ಬಂದು, ತಿಳಿದದ್ದನ್ನು ಊರ ಸಭೆಯಲ್ಲಿ ಹೇಳಬೇಕು.