ಸ್ವರಸಾಧನೆಯ ಹಾದಿ

ಹಾಡು ಕೇಳಿ ತಲೆದೂಗುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ತಾನೇ ಹಾಡಬೇಕೆಂಬ ಹಂಬಲಕ್ಕೆ ಬದುಕನ್ನು ಒಪ್ಪಿಸಿದವರು ವಿರಳ. ಗಂಗೂಬಾಯಿ ಹಾನಗಲ್ಲರು ಅಂಥವರಲ್ಲೊಬ್ಬರು. ಅವರ ಗಾಯನವನ್ನು ಕುರಿತು ಹೇಳುವ ಮುನ್ನ, ಅವರಿಗಾಗಿ ತಮ್ಮ ಹಾಡನ್ನೇ ಬಿಟ್ಟುಕೊಟ್ಟ ಇನ್ನೊಬ್ಬರನ್ನು ನೆನೆಯುವುದು ನ್ಯಾಯ.

ಗಂಗೂಬಾಯಿಯವರು ಜನಿಸಿದುದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರೇ ಅವರ ಹಾಡನ್ನು ಮೆಚ್ಚಿ ಕೇಳುತ್ತಿದ್ದರೆಂದರೆ ಆ ಗಾನದ ಯೋಗ್ಯತೆಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಮಗಳ ಕಿವಿ ಹೊರಳಿದುದು ಬೇರೊಂದು ದಿಕ್ಕಿಗೆ. ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿಸಿತೆಂದರೆ ಬಾಲಕಿ ಮನೆಯಿಂದ ಹೊರಗೆ ಓಡುತ್ತಿದ್ದಳು. ಕೇಳಿದ ಹಿಂದೂಸ್ತಾನಿ ಗಾಯನವನ್ನು ತನ್ನಷ್ಟಕ್ಕೆ ಗುನುಗುತ್ತಿದ್ದಳು.

ಎರಡೂ ಪದ್ಧತಿಗಳ ಬೇರು ಒಂದೇ ಆದರೂ ಕಂಠವನ್ನು ಪಳಗಿಸುವ ರೀತಿ ಬೇರೆ. ಕರ್ನಾಟಕ ಸಂಗೀತದಲ್ಲಿ ಸ್ವರವು ಗಮಕದ ಬಳುಕಿನಲ್ಲಿ ರೂಪುಗೊಳ್ಳುತ್ತದೆ. ಕಿರಾನಾ ಗಾಯಕಿಯಲ್ಲಾದರೋ ಗಾಯಕನು ಒಂದೊಂದು ಸ್ವರದ ಮೇಲೂ ನೆಲೆನಿಂತು, ವಿಲಂಬಿತ ಗತಿಯಲ್ಲಿ ರಾಗವನ್ನು ಎಸಳೆಸಳಾಗಿ ಬಿಡಿಸುತ್ತಾನೆ. ಎಳೆಯ ಕಂಠದ ಮೇಲೆ ಒಂದರ ಛಾಯೆ ಬಿದ್ದರೆ ಇನ್ನೊಂದು ನಿರ್ಮಲವಾಗಿ ಮೂಡುವುದು ಕಠಿಣ. ಅಂಬಾಬಾಯಿಯವರು ಇದನ್ನು ಅರಿತಿದ್ದರು. ತಮ್ಮ ಗಾನವು ಮಗಳ ಕಲಿಕೆಗೆ ಅಡ್ಡಿಯಾಗದಿರಲೆಂದು ಅವರು ತಾವು ಹಾಡುವುದನ್ನೇ ನಿಲ್ಲಿಸಿಬಿಟ್ಟರು. 1928ರಲ್ಲಿ ಮಗಳ ಸಂಗೀತ ಶಿಕ್ಷಣಕ್ಕಾಗಿ ಸಂಸಾರವು ಹುಬ್ಬಳ್ಳಿಗೆ ಬಂದಿತು. ಹಾಡಬಲ್ಲವರು ಹಾಡದೆ ದಿನ ಕಳೆಯುವುದು ಎಂಥ ಕಷ್ಟವೆಂಬುದನ್ನು ಹಾಡಬಲ್ಲವರೇ ಹೇಳಬೇಕು.

ಹಾಡುವ ಹೆಂಗಸರನ್ನು ಸಮಾಜವು ಗೌರವದಿಂದ ಕಾಣದ ಕಾಲವದು. ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂದು ಮೂದಲಿಸುವವರಿದ್ದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಬಾಲಕಿ ಗಂಗೂಬಾಯಿ ಸ್ವಾಗತಗೀತೆಯನ್ನು ಹಾಡಿದರು. ಅಷ್ಟು ದೊಡ್ಡ ಸಭೆಯ ಮುಂದೆ ಹಾಡುವ ಅಳುಕು ಅವರಿಗಿರಲಿಲ್ಲ. ಊಟದ ಹೊತ್ತಿಗೆ ತಮ್ಮನ್ನು ಬೇರೆಯಾಗಿ ಕೂರಿಸುವರೋ ಏನೋ ಎಂಬ ಅಳುಕಿತ್ತು.

ಹುಬ್ಬಳ್ಳಿಯಲ್ಲಿ ಅವರು ಮೊದಲು ಕೃಷ್ಣಾಚಾರ್ಯ ಹುಲಗೂರರಿಂದ ಕೆಲಕಾಲ ಪಾಠ ಹೇಳಿಸಿಕೊಂಡರು. ನಿಜವಾದ ಹಾದಿ ತೆರೆದುದು ಸವಾಯಿ ಗಂಧರ್ವರ ಬಳಿ. ಕುಂದಗೋಳದ ರಾಮಭಾವು ಎಂಬುದು ಇವರ ಮೊದಲಿನ ಹೆಸರು. ಅಬ್ದುಲ್ ಕರೀಂ ಖಾನರ ಶಿಷ್ಯರಾದ ಇವರು ಮರಾಠಿ ರಂಗಭೂಮಿಯಲ್ಲಿ ಹೆಸರು ಗಳಿಸಿ, ಆಮೇಲೆ ಊರಿನಲ್ಲಿ ನೆಲೆಸಿದ್ದರು. 1930ರ ದಶಕದ ಕೊನೆಯ ವರ್ಷಗಳವು. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಗಂಗೂಬಾಯಿಯವರೇ ಮಕ್ಕಳ ತಾಯಿಯಾಗಿದ್ದರು. ಮನೆಯಲ್ಲಿ ಹಣದ ಅಡಚಣೆಯೂ ಇತ್ತು. ಆದರೂ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿಕೊಂಡು ರಾತ್ರಿಯ ಗಾಡಿಗೆ ಹಿಂದಿರುಗುತ್ತಿದ್ದರು. ಮುಂದೆ ಜಗದ್ವಿಖ್ಯಾತರಾದ ಭೀಮಸೇನ ಜೋಶಿಯವರು ಆಗ ಅದೇ ಗುರುಗಳ ಮನೆಯಲ್ಲಿ ಕಲಿಯುತ್ತಿದ್ದ ತರುಣ.

ಗುರುಗಳ ಬೋಧನೆಯ ಕ್ರಮ ಬಹು ನಿಧಾನದ್ದು. ಒಂದು ಪಲಟಾ ಹೇಳಿಕೊಟ್ಟರೆ, ಅದು ಕಂಠದಲ್ಲಿ ನೆಲೆಗೊಳ್ಳುವ ತನಕ ಮುಂದಿನದರ ಮಾತೇ ಇಲ್ಲ. ಮನೆಗೆ ಬಂದು ಶಿಷ್ಯೆ ಅದನ್ನೇ ನೂರಾರು ಸಲ ಹಾಡಿಕೊಳ್ಳಬೇಕು. ಕಲಿಸಿದ ರಾಗಗಳೂ ಕೆಲವೇ. ವಾರಕ್ಕೊಂದು ಹೊಸ ರಾಗವನ್ನು ಬಯಸುವವರಿಗೆ ಇದು ಜಿಪುಣತನದಂತೆ ತೋರೀತು. ತಂಬೂರಿಯ ಶ್ರುತಿಗೆ ಷಡ್ಜವನ್ನು ಸೇರಿಸಿ, ಅದು ಕೂದಲೆಳೆಯಷ್ಟೂ ಅಲುಗದಂತೆ ನಿಲ್ಲಿಸಲು ಒಮ್ಮೆ ಯತ್ನಿಸಿ ನೋಡಿದವರು ಹಾಗೆನ್ನಲಾರರು.

ಈ ಸಾಧನೆಯ ನಡುವೆ ಕಂಠವೇ ಬದಲಾಯಿತು. ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ದನಿ. ಗಂಟಲಿನ ಚಿಕಿತ್ಸೆಯಾದ ಬಳಿಕ ಅದು ಗಡುಸಾಗಿ, ಗಂಡಸಿನ ದನಿಯೋ ಎಂಬಂತೆ ಗಂಭೀರವಾಯಿತು. ಬೇರೆಯವರಾದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಗಂಗೂಬಾಯಿಯವರು ಹೊಸ ದನಿಯನ್ನು ಬಚ್ಚಿಡಲಿಲ್ಲ, ಮೃದುವಾಗಿಸಲೂ ಹೆಣಗಲಿಲ್ಲ. ಅದರ ಭಾರಕ್ಕೆ ತಕ್ಕಂತೆ ರಾಗವನ್ನು ಕಟ್ಟಿದರು. ಆ ಗಾಂಭೀರ್ಯವೇ ಅವರ ಗುರುತಾಯಿತು. ನನ್ನ ಮಟ್ಟಿಗೆ, ಅವರ ಗಾಯನದಲ್ಲಿ ತಾನುಗಳ ಬಿರುಸಿಗಿಂತ ಮಂದ್ರದಲ್ಲಿ ತಂಗಿದ ಒಂದು ಸ್ವರವೇ ಹೆಚ್ಚು ಕಾಲ ಕಿವಿಯಲ್ಲಿ ಉಳಿಯುತ್ತದೆ.

ಐದನೆಯ ತರಗತಿಗೇ ಶಾಲೆ ಬಿಟ್ಟ ಅವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕ ಸ್ಥಾನ ದೊರೆಯಿತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಡಲಾಗಿದೆ.

ದಶಕಗಳ ಕಾಲ ಕಚೇರಿಗಳಲ್ಲಿ ಅವರ ಜೊತೆಗೆ ಕುಳಿತು ದನಿಗೂಡಿಸಿದವರು ಮಗಳು ಕೃಷ್ಣಾ. ತಾನೇ ಸ್ವತಂತ್ರವಾಗಿ ಬೆಳಗಬಲ್ಲ ಗಾಯಕಿಯಾದ ಆಕೆ, ತಾಯಿಯ ಉಸಿರು ತಡೆದಲ್ಲಿ ಸ್ವರವನ್ನೆತ್ತಿಕೊಂಡು, ತಾಯಿ ಮತ್ತೆ ಹಾಡತೊಡಗಿದೊಡನೆ ತಮ್ಮ ದನಿಯನ್ನು ತಗ್ಗಿಸುತ್ತಿದ್ದರು. 2004ರಲ್ಲಿ ಕೃಷ್ಣಾ ತೀರಿಕೊಂಡರು. ಅದಾದ ಎರಡು ವರ್ಷಕ್ಕೆ, 2006ರಲ್ಲಿ, ತೊಂಬತ್ತನ್ನು ದಾಟಿದ ಗಂಗೂಬಾಯಿಯವರು ಮಗಳಿಲ್ಲದ ವೇದಿಕೆಯ ಮೇಲೆ ಕುಳಿತು ತಮ್ಮ ಕೊನೆಯ ಕಚೇರಿಯನ್ನು ಹಾಡಿದರು.